ಒಂದು ಹಾಡಿನೊಳಗೆ ಮುಗಿಯುವ ಮಾತು

ಶ್ರದ್ಧಾಂಜಲಿ ಸಭೆಗಳಲ್ಲಿ ಆಡುವ ಮಾತುಗಳನ್ನು ನಾನು ನಂಬುವುದಿಲ್ಲ. ಸತ್ತವರು ಎದ್ದು ಬಂದು ತಿದ್ದಲಾರರು ಎಂಬ ಧೈರ್ಯದಲ್ಲಿ ಆಡುವ ಮಾತುಗಳವು. ಕಳೆದ ತಿಂಗಳು ಜಯನಗರದ ಶಾಲೆಯೊಂದರ ಸಭಾಂಗಣದಲ್ಲಿ ಅಂಥದೊಂದು ಸಭೆ ನಡೆಯಿತು. ಏಳೆಂಟು ವರ್ಷಗಳ ಹಿಂದೆ ಅದೇ ಸಭಾಂಗಣದಲ್ಲಿ ಪ್ರತಿ ಶನಿವಾರ ಸಂಜೆ ಜೋಡಿನೃತ್ಯದ ತರಗತಿ ನಡೆಯುತ್ತಿತ್ತು. ಜೊತೆಗಾರರಿಲ್ಲದೆ ಒಂಟಿಯಾಗಿ ಬಂದವರ ಕೈಹಿಡಿದು ಹೆಜ್ಜೆ ಹಾಕಿಸಲು ಅಲ್ಲಿ ಒಬ್ಬ ಹೆಂಗಸು ಇದ್ದರು. ಅವರು ಹುಬ್ಬಳ್ಳಿಯಲ್ಲಿ ತೀರಿಕೊಂಡ ಸುದ್ದಿ ಬಂದು, ಹಳೆಯ ವಿದ್ಯಾರ್ಥಿಗಳಾದ ನಾವು ಹದಿನೈದು ಮಂದಿ ಸೇರಿದ್ದೆವು.

ಆಕೆ ಸೇನಾಧಿಕಾರಿಯೊಬ್ಬರ ವಿಧವೆ, ನೃತ್ಯ ಕಲಿತದ್ದು ಸೇನೆಯ ಕ್ಲಬ್ಬುಗಳಲ್ಲಿ ಎಂದು ಒಬ್ಬರು ಹೇಳಿದರು. ಅಲ್ಲ, ಹುಟ್ಟಿ ಬೆಳೆದದ್ದು ಗೋವಾದಲ್ಲಿ ಎಂದು ಇನ್ನೊಬ್ಬರು. ತಂಗಿಯ ಮಕ್ಕಳನ್ನು ನೋಡಿಕೊಳ್ಳುವ ಜವಾಬ್ದಾರಿ ಬಿದ್ದದ್ದರಿಂದ ತರಗತಿ ಬಿಟ್ಟು ಹೋದರು ಎಂದು ಮೂರನೆಯವರು. ಕೊನೆಯವರೆಗೂ ನಗುನಗುತ್ತಲೇ ಇದ್ದರು ಎಂಬುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು. ಆ ಕೊನೆಯನ್ನು ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ನನ್ನ ಸರದಿ ಬಂದಾಗ ನಾನೂ ಎದ್ದು ನಿಂತೆ. "ತುಂಬ ಒಳ್ಳೆಯವರಾಗಿದ್ದರು" ಎಂದು ಹೇಳಿ ಕುಳಿತೆ. ಹೇಳಬೇಕಾದ್ದನ್ನು ಹೇಳದೆ ಅಂಥದೊಂದು ಸಿದ್ಧ ಮಾತನ್ನು ಆಡಿ ಕುಳಿತದ್ದು, ಆಕೆಯ ವಿಷಯದಲ್ಲಿ, ನನಗೆ ಅದು ಎರಡನೆಯ ಸಲ. ಮೊದಲನೆಯ ಸಲದ ಸಂಗತಿಯನ್ನು ಬರೆಯುವುದಕ್ಕಾಗಿಯೇ ಈ ಬರಹ. ಆಕೆಯ ಹೆಸರನ್ನು ಬರೆಯುವುದಿಲ್ಲ. ಹೆಸರು ಸಿಕ್ಕರೆ ಅದಕ್ಕೆ ಇನ್ನಷ್ಟು ಕಥೆಗಳು ಅಂಟಿಕೊಳ್ಳುತ್ತವೆ. ಈಗಿರುವ ಕಥೆಗಳೇ ಸಾಕು.

ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ಬಾಡಿಗೆ ಪುಸ್ತಕಗಳಿಂದ, ಗ್ರಂಥಾಲಯದ ಬೆಂಚುಗಳಿಂದ. ಮೂವತ್ತೈದು ವರ್ಷ ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಕೆಲಸ ಮಾಡಿದೆ. ಅಳೆಯುವ ಸಾಧನವೇ ಸರಿಯಾಗಿದೆಯೇ ಎಂದು ಅಳೆಯುವುದು ನನ್ನ ಉದ್ಯೋಗವಾಗಿತ್ತು. ಕ್ರಮೇಣ ಅದೇ ನನ್ನ ಸ್ವಭಾವವೂ ಆಯಿತು. ಜಯನಗರ ಏಷ್ಯಾದಲ್ಲೇ ದೊಡ್ಡ ಬಡಾವಣೆ ಎಂದು ಯಾರಾದರೂ ಹೇಳಿದರೆ, ಉಳಿದವುಗಳನ್ನು ಅಳೆದವರು ಯಾರು ಎಂದು ಕೇಳದೆ ಇರಲು ನನಗೆ ಆಗುವುದಿಲ್ಲ. ಇದರಿಂದ ಸ್ನೇಹಿತರು ಕಡಿಮೆಯಾದರು. ನನಗೆ ಅದರ ಬಗ್ಗೆ ದೂರಿಲ್ಲ.

ನಿವೃತ್ತಿಯಾದ ಮೇಲೆ ಹಳೆಯ ಪುಸ್ತಕಗಳ ರಾಶಿಯಲ್ಲಿ ಪಾಶ್ಚಾತ್ಯ ನೃತ್ಯದ ಒಂದು ಪುಸ್ತಕ ಸಿಕ್ಕಿತು. ಪುಟಪುಟದಲ್ಲೂ ಪಾದಗಳ ಗುರುತು, ಬಾಣ, ಅಂಕಿ. ನನ್ನ ಕಣ್ಣಿಗೆ ಅದು ರೇಖಾಗಣಿತವಾಗಿ ಕಂಡಿತು. ಬನಶಂಕರಿಯ ನಮ್ಮ ಮನೆಯ ತಾರಸಿಯ ಮೇಲೆ, ಪತ್ರಿಕೆಯ ಹಾಳೆಗಳನ್ನು ಪಾದದಾಕಾರಕ್ಕೆ ಕತ್ತರಿಸಿ, ಗಾಳಿಗೆ ಹಾರದಂತೆ ಕಲ್ಲಿಟ್ಟು, ವಾಲ್ಟ್ಜ್ ನೃತ್ಯವನ್ನು ಒಬ್ಬನೇ ಕಲಿತೆ. ಒಂದು, ಎರಡು, ಮೂರು. ಬಟ್ಟೆ ಒಣಗಹಾಕಲು ಬಂದ ನನ್ನ ಹೆಂಡತಿ ಸ್ವಲ್ಪ ಹೊತ್ತು ನೋಡಿ, "ಮಂಡಿ ಹಿಡ್ಕೊಂಡ್ರೆ ನಾನು ಎಣ್ಣೆ ತಿಕ್ಕಲ್ಲ, ಈಗ್ಲೇ ಹೇಳಿದೀನಿ" ಎಂದಳು. ತರಗತಿಗೆ ಜೊತೆಯಲ್ಲಿ ಬಾ ಎಂದು ಕರೆದಾಗ, "ನಂಗೆ ಮಾತಾಡಕ್ಕೆ ಕುಣೀಬೇಕಾಗಿಲ್ಲ, ನೀವ್ ಹೋಗಿ" ಎಂದಳು.

ಹೀಗೆ ಎರಡು ಸಾವಿರದ ಒಂದನೆಯ ಇಸವಿಯಲ್ಲಿ, ಒಂಟಿಯಾಗಿ, ಆ ಸಭಾಂಗಣಕ್ಕೆ ಹೋದೆ. ಕಲಿಸುವ ಮಾಸ್ತರರು ತೆಳ್ಳಗಿನ, ಸಜ್ಜನ ಮನುಷ್ಯ. ಅವರ ಬಳಿ ಒಂದು ಟೇಪ್ ರೆಕಾರ್ಡರು, ಎರಡು ಸ್ಪೀಕರು. ನನ್ನನ್ನು ಅವರು ಆಕೆಗೆ ಒಪ್ಪಿಸಿದರು. ಐವತ್ತೈದರ ಆಚೀಚೆಯ ವಯಸ್ಸು. ಇಳಕಲ್ ಸೀರೆ, ಸೊಂಟಕ್ಕೆ ಬಿಗಿದ ಸೆರಗು, ಕಾಲಿಗೆ ಬಿಳಿಯ ಕ್ಯಾನ್ವಾಸ್ ಶೂ. ಕೈಯಲ್ಲಿ ಒಗ್ಗರಣೆಯ ವಾಸನೆ. ಬಿಟಿಎಂ ಲೇಔಟಿನಲ್ಲಿ, ಕೆಲಸಕ್ಕೆ ಹೋಗುವ ಹುಡುಗಿಯರ ಪೇಯಿಂಗ್ ಗೆಸ್ಟ್ ಮನೆಯೊಂದರ ಅಡುಗೆ ಮತ್ತು ಉಸ್ತುವಾರಿ ಆಕೆಯದು ಎಂದು ಆಮೇಲೆ ತಿಳಿಯಿತು. ಬೆರಳ ತುದಿಗಳಲ್ಲಿ ರೊಟ್ಟಿಯ ಹಂಚು ತಗುಲಿದ ಗುರುತುಗಳಿದ್ದವು. ಇವಿಷ್ಟು ನಾನು ಕಣ್ಣಾರೆ ಕಂಡದ್ದು.

ಮೊದಲ ದಿನವೇ ನನ್ನ ಪುಸ್ತಕದ ಕೊರತೆ ಗೊತ್ತಾಯಿತು. ಅದರಲ್ಲಿ ಎರಡು ಜೊತೆ ಪಾದಗಳಿದ್ದವು, ಮನುಷ್ಯರಿರಲಿಲ್ಲ. ನಾನು ತುಟಿಯಲ್ಲೇ ಎಣಿಸುತ್ತಾ, ಒಂದು ಹೆಜ್ಜೆಯೂ ತಪ್ಪದೆ, ಹಾಡು ಮುಗಿಯುವವರೆಗೆ ಕುಣಿದೆ. ಶಹಬ್ಬಾಸ್ ಎನ್ನುತ್ತಾರೆ ಎಂದುಕೊಂಡಿದ್ದೆ.

"ಎಷ್ಟಾತ್ರಿ?" ಎಂದರು.

"ಏನು?"

"ಎಣಸಾಕತ್ತಿದ್ರಲ್ಲ. ಒಟ್ಟು ಎಷ್ಟಾತು?"

ಆಕೆ ನಕ್ಕರು. "ಎಣಸಬ್ಯಾಡ್ರಿ, ಮಾತಾಡ್ರಿ. ಕಾಲಿಗೆ ತನ್ನ ಕೆಲಸ ಗೊತ್ತೈತಿ. ಬಾಯಿಗೇ ಕೆಲಸ ಕಲಸಬೇಕು."

ಆಕೆಯ ಪ್ರಕಾರ, ಜೊತೆಗಾರರೊಡನೆ ಮಾತಾಡದೆ ಕುಣಿಯುವುದು ಬಸ್ಸಿನಲ್ಲಿ ಒಂದೇ ಕಂಬಿ ಹಿಡಿದು ನಿಂತಂತೆ. ಮಾತಿಗೂ ಒಂದು ಕಟ್ಟಳೆಯಿತ್ತು. ಹಾಡು ಮೂರು ನಿಮಿಷದ್ದು. ಆಡುವ ಮಾತು ಅದರೊಳಗೆ ಮುಗಿಯಬೇಕು. ಮುಗಿಯದ ಮಾತನ್ನು ಎತ್ತಿಕೊಂಡು ಮುಂದಿನ ಜೊತೆಗಾರರ ಬಳಿಗೆ ಹೋದರೆ ಆ ಮನುಷ್ಯನಿಗೆ ಅರ್ಧ ಮನಸ್ಸು ಮಾತ್ರ ಸಿಗುತ್ತದೆ. ನೃತ್ಯ ಎಲ್ಲಿ ಕಲಿತಿರಿ ಎಂದು ನಾನು ಒಮ್ಮೆ ಕೇಳಿದೆ. "ಒಂದು ಹಾಡಿನ್ಯಾಗ ಮುಗಿಯೂ ಮಾತಲ್ರಿ ಅದು" ಎಂದರು. ಆದ್ದರಿಂದ ಸೇನಾಧಿಕಾರಿಯ ಕಥೆಯನ್ನೂ ಗೋವಾದ ಕಥೆಯನ್ನೂ ನಾನು ನಂಬುವುದಿಲ್ಲ. ಬೇರೊಂದು ಕಥೆಯನ್ನು ಅವುಗಳ ಜಾಗದಲ್ಲಿ ಇಡಲು ನನ್ನ ಬಳಿ ಏನೂ ಇಲ್ಲ.

ಜಯನಗರದವರ ಮೊದಲ ಪ್ರಶ್ನೆಗಳು ನಿಮಗೆ ಗೊತ್ತಿರುವವೇ: ಯಾವ ಕಡೆಯವರು, ಮನೆ ಸ್ವಂತದ್ದೋ ಬಾಡಿಗೆಯೋ, ಮಕ್ಕಳು ಎಲ್ಲಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದ ಅಧಿಕಾರಿಯೊಬ್ಬರು ಪ್ರತಿಯೊಬ್ಬ ಜೊತೆಗಾರ್ತಿಯನ್ನೂ ಹೀಗೆಯೇ ವಿಚಾರಿಸುತ್ತಿದ್ದರು. ಒಂದು ಸಂಜೆ ಆಕೆ ಅವರ ಕೈಬಿಟ್ಟು ನನ್ನ ಬಳಿ ಬಂದವರು, "ಸ್ವಂತ ಮನೀ ಏನ್ರಿ ಅಂತ ಕೇಳಿದ್ರು. ಹೌದ್ರಿ, ಈ ಹಾಡು ಮುಗಿಯೂತನಕ ನೀವ ನನ್ನ ಸ್ವಂತ ಮನಿ, ಸೋರಾಕತ್ತೀರಿ ಅಷ್ಟ ಅಂದೆ" ಎಂದರು. ಆ ಅಧಿಕಾರಿಗೆ ವಿಪರೀತ ಬೆವರುತ್ತಿತ್ತು.

ಪದ್ಮನಾಭನಗರದಿಂದ ಬರುತ್ತಿದ್ದ ಹೊಸ ದಂಪತಿಗಳು ಒಬ್ಬರ ಕಾಲನ್ನು ಒಬ್ಬರು ತಿದ್ದುವುದು ಬಿಟ್ಟರೆ ಬೇರೆ ಮಾತೇ ಆಡುತ್ತಿರಲಿಲ್ಲ. "ನಾಳಿ ನಾಷ್ಟಾ ಏನು ಅಂತ ಮಾತಾಡ್ರಿ" ಎಂದು ಆಕೆ ಅವರನ್ನು ಕಳಿಸಿದರು. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಉಪ್ಪಿಟ್ಟಿನ ಮೇಲೆ ಜಗಳ ಶುರುವಾಯಿತು. "ನಿಮ್ಮಮ್ಮನ ತರ ಕಾಂಕ್ರೀಟ್ ಮಾಡಕ್ಕೆ ನಂಗೆ ಬರಲ್ಲ" ಎಂದು ಆ ಹುಡುಗಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಹೆಜ್ಜೆ ಮಾತ್ರ ಒಂದೂ ತಪ್ಪಲಿಲ್ಲ. ಆಕೆ ದೂರದಿಂದ ನನ್ನ ಕಡೆ ನೋಡಿ, ಕಲಿತುಕೊಳ್ಳಿ ಎಂಬಂತೆ ಹುಬ್ಬು ಹಾರಿಸಿದರು.

ನನಗೆ ಅದು ಒಲಿಯಲಿಲ್ಲ. ಮಾತಿಗೆ ಗಮನ ಕೊಟ್ಟರೆ ಕಾಲು ತಪ್ಪುತ್ತಿತ್ತು, ಕಾಲಿಗೆ ಕೊಟ್ಟರೆ ಮಾತು ನಿಲ್ಲುತ್ತಿತ್ತು. ಸೋಲನ್ನು ಒಪ್ಪುವ ಜಾಯಮಾನ ನನ್ನದಲ್ಲ. ಒಂದು ವಿಧಾನವನ್ನು ಕಂಡುಹಿಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಸಭಾಂಗಣದ ಗೋಡೆಗಳಿಗೆ ಒಂದೊಂದು ಮಾತನ್ನು ಹಂಚಿದೆ. ವೇದಿಕೆಯ ಗೋಡೆಯುದ್ದಕ್ಕೂ "ಹೌದಾ?" ಕಿಟಕಿಗಳ ಗೋಡೆಗೆ "ಆಮೇಲೆ?" ಬಾಗಿಲಿನ ಗೋಡೆಗೆ ನನ್ನದೇ ಒಂದು ಪ್ರಶ್ನೆ, "ಊಟ ಆಯ್ತಾ?" ಸಂಜೆ ಆರು ಗಂಟೆಗೆ ಊಟದ ಪ್ರಶ್ನೆ ಏಕೆಂದು ಯಾರೂ ಕೇಳಲಿಲ್ಲ. ಮೂಲೆಗಳಲ್ಲಿ ತಿರುಗಬೇಕಾದ್ದರಿಂದ ಅಲ್ಲಿ ಯೋಚನೆಯೇ ಬೇಡದ ಮಾತು ಬೇಕಿತ್ತು. ಅದಕ್ಕೆ "ಒಳ್ಳೇದೇ ಆಯ್ತು ಬಿಡಿ" ಎಂಬುದನ್ನು ನೇಮಿಸಿದೆ. ಎಣಿಕೆ ಮನಸ್ಸಿನೊಳಗೆ, ಮಾತು ತುಟಿಯ ಮೇಲೆ.

ಮೊದಮೊದಲು ಆಕೆ ಹಿಡಿದುಬಿಡುತ್ತಿದ್ದರು. "ನಮ್ಮ ಮನಿ ಬೆಕ್ಕು ಸತ್ತು ಹೋತು ಅಂದ್ರ ಒಳ್ಳೇದಾತು ಅಂತೀರಲ್ರಿ, ಅದು ನಿಮಗೇನ ಮಾಡಿತ್ತು?" ಎಂದು ಒಮ್ಮೆ ಛೇಡಿಸಿದ್ದರು. ಬರಬರುತ್ತಾ ಛೇಡಿಸುವುದು ನಿಂತಿತು. ನನ್ನ ಪ್ರಶ್ನೆಗಳಿಗೆ ಉತ್ತರ ಬರುತ್ತಿರಲಿಲ್ಲ, ಆದರೆ ಆಕೆಯ ಮಾತು ಎಡೆಬಿಡದೆ ಸಾಗುತ್ತಿತ್ತು. ಎರಡನೆಯ ವರ್ಷದ ಕೊನೆಗೆ, ಎಣಿಸಬೇಡಿ ಎನ್ನುತ್ತಿದ್ದವರು ಒಂದು ದಿನ ತಾವಾಗಿಯೇ, "ಎಣಸ್ರಿ, ಗಟ್ಟಿ ಎಣಸ್ರಿ, ನಿಮ್ಮ ಎಣಿಕಿ ಚಲೋ ಐತಿ" ಎಂದರು. ನನ್ನ ವಿಧಾನ ಗೆದ್ದಿತು ಎಂದು ಹೆಮ್ಮೆಯಿಂದ ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಅವರಿಗೂ ಸಾಕಾಗಿರತ್ತೆ" ಎಂದಳು.

ವಾಲ್ಟ್ಜ್‌ನಲ್ಲಿ ಜೊತೆಗಾರರು ಮುಖಕ್ಕೆ ಮುಖ ಕೊಟ್ಟು ನೋಡುವುದಿಲ್ಲ. ಒಬ್ಬರ ಬಲಭುಜದ ಮೇಲಿಂದ ಇನ್ನೊಬ್ಬರು ಆಚೆಗೆ ನೋಡುತ್ತಿರುತ್ತಾರೆ. ನನ್ನ ಬಾಯಿ ಆಕೆಯ ಬಲಗಿವಿಗೆ ಒಂದು ಗೇಣು ದೂರದಲ್ಲಿ. ಮುಖ ಕಾಣದ ಈ ನಿಲುವನ್ನು ಆಕೆ ಬಹಳ ಮೆಚ್ಚುತ್ತಿದ್ದರು. ಎದುರಿಗೆ ಕುಳಿತು ಹೇಳಲಾಗದ್ದನ್ನು ಹೆಗಲಿಗೆ ಹೇಳಬಹುದು ಎನ್ನುತ್ತಿದ್ದರು.

ಎರಡು ಸಾವಿರದ ಮೂರನೆಯ ಇಸವಿಯ ಒಂದು ಶನಿವಾರ ಆಕೆ ನನ್ನ ಹೆಗಲಿಗೆ ಹೇಳಿದ ಮಾತು ಇದು. ಕಿಟಕಿಗಳ ಗೋಡೆಯ ನಡುಮಧ್ಯದಲ್ಲಿ ಆರಂಭಿಸಿದರು.

"ನಿಮಗೊಂದು ಹೇಳ್ತೇನ್ರಿ. ಬಲಗಿವಿ ಪೂರಾ ಹೋಗೈತಿ. ಎಡಗಿವಿನೂ ಅರ್ಧ ಆಗೈತಿ. ಹಾಡು ನನಗ ಕೇಳವಲ್ದು. ನಾಕು ತಿಂಗಳಾತು, ನಿಮ್ಮ ಬೆರಳು ಹಿಡಕೊಂಡ ಹೆಜ್ಜಿ ಹಾಕಾಕತ್ತೇನಿ. ಒಂದು ಅನ್ನೂವಾಗ ನಿಮ್ಮ ಬೆರಳು ಬಿಗೀತಾವು. ಮಾಸ್ತರಿಗೆ ಹೇಳ್ಲೋ ಬ್ಯಾಡೋ ತಿಳೀವಲ್ದು. ಹೇಳಿದ್ರ ಬಿಡಿಸ್ತಾರೇನೋ. ಈ ಒಂದು ಸಂಜಿ ಬಿಟ್ರ ವಾರಪೂರ್ತಿ ನನಗ ಬ್ಯಾರೆ ಮಾತಿಲ್ರಿ. ನೀವರ ಹೇಳ್ರಿ, ಏನ್ ಮಾಡ್ಲಿ?"

ಮೂಲೆ ಬಂದಿತ್ತು. ಅಲ್ಲಿ ಶಾಲೆಯ ಬೆಂಚುಗಳನ್ನು ಪೇರಿಸಿಟ್ಟಿದ್ದರು. ನನ್ನ ಗಮನವೆಲ್ಲ ಬೆಂಚಿನ ಕಾಲುಗಳ ಮೇಲಿತ್ತು.

"ಒಳ್ಳೇದೇ ಆಯ್ತು ಬಿಡಿ" ಎಂದೆ.

ನನ್ನ ಎಡಗೈಯೊಳಗಿದ್ದ ಆಕೆಯ ಅಂಗೈ ಒಮ್ಮೆ ಸಡಿಲಿತು; ಮತ್ತೆ ಹಿಡಿಯಿತು. ಬಾಗಿಲಿನ ಗೋಡೆಯ ಉದ್ದಕ್ಕೂ ಮೂರ್ನಾಲ್ಕು ಸುತ್ತು ಎಣಿಸಿದ ಮೇಲೆ, ಆಕೆ ಹೇಳಿದ್ದರ ಅರ್ಥ ನನಗೆ ಇಳಿಯಿತು. ಇಳಿದ ಕ್ಷಣ ಎಣಿಕೆ ನಿಂತುಹೋಯಿತು. ಹಾಡು ಸಾಗುತ್ತಲೇ ಇತ್ತು. ಆಕೆ ಒಂದು ಹೆಜ್ಜೆ ತಡೆದರು, ಮುಂದಿನದನ್ನು ನನ್ನ ಪಾದದ ಮೇಲಿಟ್ಟರು. ಎರಡು ವರ್ಷಗಳಲ್ಲಿ ಆಕೆ ಹೆಜ್ಜೆ ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಾಸ್ತರರು ಟೇಪ್ ನಿಲ್ಲಿಸಿ, "ಏನ್ ಸಾರ್, ಮೇಡಂ ಕಾಲೇ ತುಳಿದುಬಿಟ್ರಾ?" ಎಂದು ಕೂಗಿ ತಮಾಷೆ ಮಾಡಿದರು. ಉಳಿದವರು ನಕ್ಕರು. ಎಲ್ಲರೂ ನನ್ನ ಕಡೆ ನೋಡಿ ನಗುತ್ತಿದ್ದುದರಿಂದ ಆಕೆಗೆ ವಿಷಯ ತಿಳಿದಿರಬೇಕು. "ಇಲ್ರಿ, ತಪ್ಪು ನಂದ" ಎಂದರು. ನನಗೆ ಎಂದಿನಂತೆ "ಉಪಕಾರ ಆತ್ರಿ" ಎಂದು ಕೈಮುಗಿದು ಚೀಲ ಎತ್ತಿಕೊಂಡರು. ನಾಲ್ಕು ಹೆಜ್ಜೆ ಓಡಿ ಹೋಗಿ, ಎಡಗಿವಿಯ ಕಡೆ ನಿಂತು, "ಹೇಳಿಬಿಡಿ, ಮಾಸ್ತರು ಒಳ್ಳೆಯವರು" ಎಂದಿದ್ದರೆ ಮುಗಿಯುತ್ತಿತ್ತು. ಮಾಸ್ತರರು ಆಕೆಯನ್ನು ಸ್ಪೀಕರಿನ ಪಕ್ಕ ನಿಲ್ಲಿಸುತ್ತಿದ್ದರೇ ಹೊರತು ಬಿಡಿಸುತ್ತಿರಲಿಲ್ಲ. ಬಿಡಿಸುವ ಅಧಿಕಾರ ನನಗಿರಲಿಲ್ಲ; ಆದರೂ ಆಕೆ ತರಗತಿ ಬಿಡುವಂತಾದದ್ದು ನನ್ನಿಂದಲೇ. ಸುತ್ತಲೂ ಜನರಿದ್ದರು, ಇಂಥ ಮಾತನ್ನು ಸರಿಯಾಗಿ ಆಡಬೇಕು, ಮುಂದಿನ ಶನಿವಾರ ಆಡೋಣ ಎಂದುಕೊಂಡೆ.

ಮುಂದಿನ ಶನಿವಾರ ಆಕೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕಿವಿ ಕೇಳದವರಿಗೆ ಬರೆದು ಕೊಡುವುದೇ ಸರಿ ಎಂದು ಒಂದು ಕಾಗದ ಬರೆಯತೊಡಗಿದೆ. ತಪ್ಪಾಯಿತು ಎಂಬ ಒಂದು ಸಾಲಿನ ಕಾಗದ. ಅದನ್ನು ಬರೆದು, ಹೊಡೆದುಹಾಕಿ, ಇನ್ನೂ ನಿಖರವಾಗಿ ಬರೆಯಬೇಕೆಂದು ಹಟ ಹಿಡಿದು ಐದು ವಾರ ಕಳೆದೆ. ಅಳತೆಯ ಕೆಲಸ ಮಾಡಿದವನ ಚಾಳಿ ಅದು. ಆರನೆಯ ವಾರ ಕಾಗದ ಜೇಬಿನಲ್ಲಿಟ್ಟುಕೊಂಡು ಬಿಟಿಎಂ ಲೇಔಟಿಗೆ ಹೋದೆ. ಪೇಯಿಂಗ್ ಗೆಸ್ಟ್ ಮನೆಯ ಬಾಗಿಲಲ್ಲಿ, ಆಫೀಸಿನಿಂದ ಆಗಷ್ಟೇ ಬಂದ ಹುಡುಗಿಯೊಬ್ಬಳು ಸಿಕ್ಕಳು.

"ಆಂಟಿ ಹೋದ ವಾರಾನೇ ಊರಿಗೆ ಹೋದ್ರು ಅಂಕಲ್. ಹುಬ್ಳಿಗೆ, ತಂಗಿ ಮನೆಗೆ. ಕೆಲಸ ಬಿಟ್ಬಿಟ್ರು."

"ಯಾಕಂತೆ?"

"ಕಿವಿ ಅಂಕಲ್. ನಾವು ಕರೆದ್ರೂ ಕೇಳ್ತಿರ್ಲಿಲ್ಲ. ಮಿಕ್ಸಿ ಓಡ್ತಿದೆಯಾ ಅಂತ ಮೇಲೆ ಕೈ ಇಟ್ಟು ನೋಡ್ತಿದ್ರು. ಶನಿವಾರ ಆದ್ರೆ ಮಾತ್ರ ಶೂ ಹಾಕ್ಕೊಂಡು ಡ್ಯಾನ್ಸಿಗೆ ಹೋಗೋರು. ಆಮೇಲೆ ಅದೂ ಬಿಟ್ರು. ನೀವು ಡ್ಯಾನ್ಸ್ ಕ್ಲಾಸ್ ಅಂಕಲ್ಲಾ?"

ಹೌದು ಎಂದೆ. "ಲೆಕ್ಕದ ಅಂಕಲ್ ಒಬ್ರಿದಾರೆ ಅಂತಿದ್ರು" ಎಂದು ನಕ್ಕು, ತಂಗಿಯ ಮನೆಯ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟಳು. ಕಿವಿ ಕೇಳದವರಿಗೆ ಫೋನ್ ಮಾಡಿ ಏನು ಹೇಳುವುದು ಎಂದು ತರ್ಕಿಸಿ ಚೀಟಿಯನ್ನು ನೃತ್ಯದ ಪುಸ್ತಕದೊಳಗೆ ಇಟ್ಟೆ. ಆ ನಂಬರಿಗೆ ಮಾಡಿ ವಿಳಾಸ ಕೇಳಬಹುದಿತ್ತು. ಇಷ್ಟು ಸಣ್ಣ ತರ್ಕ ಹೊಳೆಯದವನೇನಲ್ಲ ನಾನು. ಚೀಟಿ ಇಂದಿಗೂ ಅಲ್ಲೇ ಇದೆ, ಕಾಗದವೂ.

ತಂಗಿಯ ಮಕ್ಕಳಿಗಾಗಿ ಆಕೆ ತರಗತಿ ಬಿಟ್ಟರು ಎಂಬ ಕಥೆ ಹೇಗೆ ಹುಟ್ಟಿತೆಂದು ಇದರಿಂದ ನಿಮಗೆ ತಿಳಿಯಬಹುದು. ತಂಗಿಯ ಮನೆ ಎಂಬಷ್ಟು ಮಾತ್ರ ಹೇಗೋ ಜನರ ಕಿವಿಗೆ ಬಿದ್ದಿತ್ತು. ಉಳಿದದ್ದನ್ನು ಅವರೇ ತುಂಬಿಕೊಂಡರು. ನಾನು ಬಾಯಿ ಬಿಟ್ಟಿದ್ದರೆ ಅದನ್ನು ತಿದ್ದಬಹುದಿತ್ತು. ಕಳೆದ ತಿಂಗಳ ಸಭೆಯಿಂದ ಮನೆಗೆ ಬಂದವನು ಮೊದಲ ಬಾರಿಗೆ ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ಹುರುಳಿಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು.

"ಆರು ವರ್ಷದಿಂದ ಇದನ್ನ ಇಟ್ಕೊಂಡಿದೀರಾ?"

"ಹೌದು."

"ಅಲ್ಲಾ, ಬಲಗಿವಿ ಪೂರ್ತಿ ಹೋಗಿತ್ತು ಅಂತ ಅವರೇ ಹೇಳಿದ್ರಲ್ಲ. ನೀವ್ ಹೇಳಿದ್ದೂ ಅದೇ ಕಿವಿಗೆ. ಕೇಳಿಸೇ ಇರಲ್ಲ ಬಿಡಿ."

ಈ ಸಮಾಧಾನವನ್ನು ನಾನೂ ಎಷ್ಟೋ ಸಲ ನನಗೆ ಹೇಳಿಕೊಂಡಿದ್ದೇನೆ. ಆದರೆ ನಮಗೆ ಅನುಕೂಲವಾದ ವಿವರಣೆಯನ್ನೇ ಎಲ್ಲಕ್ಕಿಂತ ಹೆಚ್ಚು ಅನುಮಾನಿಸಬೇಕು ಎಂಬುದು ನಾನು ಬದುಕಿನಲ್ಲಿ ಕಲಿತ ಪಾಠ. ಎಡಗಿವಿ ಅರ್ಧ ಉಳಿದಿತ್ತು. ಅಂಗೈ ಸಡಿಲಿದ್ದು ನನ್ನ ಮಾತಿಗೋ, ಮೂಲೆಯ ತಿರುವಿಗೋ? ಪರೀಕ್ಷಿಸಿ ನೋಡದೆ ಹೇಳಲಾಗದು ಎಂದೆ.

"ಹೆಂಗೆ ಪರೀಕ್ಷೆ ಮಾಡ್ತೀರಾ?"

ಹೇಗೆಂದು ವಿವರಿಸಿದೆ. "ಎಪ್ಪತ್ತಾದ್ರೂ ಬುದ್ಧಿ ಬರ್ಲಿಲ್ಲ" ಎಂದು ಗೊಣಗುತ್ತಾ ಅವಳು ಮೊರ ಕೆಳಗಿಟ್ಟು ಎದ್ದಳು. ಅವಳ ಬಲಗಿವಿಗೆ ಹತ್ತಿ ತುರುಕಿ, ಮೇಲೆ ಮಫ್ಲರ್ ಸುತ್ತಿದೆ. ಎಡಗಿವಿಗೆ ಅರ್ಧದಷ್ಟು ಹತ್ತಿ. ಆ ಅರ್ಧವನ್ನು ಅಳೆಯುವ ಸಾಧನ ನನ್ನ ಬಳಿ ಇರಲಿಲ್ಲ. ಮದುವೆಯಾಗಿ ನಲವತ್ತನಾಲ್ಕು ವರ್ಷಗಳಲ್ಲಿ ಮೊದಲ ಬಾರಿ, ನಮ್ಮ ಮನೆಯ ಹಾಲಿನಲ್ಲಿ, ಅವಳ ಬಲಗೈಯನ್ನು ನನ್ನ ಎಡಗೈಯಲ್ಲಿ ಹಿಡಿದು ವಾಲ್ಟ್ಜ್ ಹೆಜ್ಜೆ ಹಾಕಿದೆ. ಒಂದು, ಎರಡು, ಮೂರು. ಸೋಫಾದ ಗೋಡೆ ಮುಗಿಯಿತು. ಟೀವಿ ಸ್ಟ್ಯಾಂಡಿನ ಮೂಲೆಯಲ್ಲಿ, ಅಂದು ಆಡಿದ ಅದೇ ದನಿಯಲ್ಲಿ ಆ ಮಾತನ್ನು ಆಡಬೇಕೆಂದು ನಿಶ್ಚಯಿಸಿದ್ದೆ. ಮೂಲೆ ಬಂತು. ತಿರುಗಿದೆವು.

"ಕೇಳಿಸ್ಲಿಲ್ಲ ಕಣ್ರೀ" ಎಂದಳು ಅವಳು, ನನ್ನ ಹೆಗಲಿಗೆ. "ಒಂದಕ್ಷರಾನೂ ಕೇಳಿಸ್ಲಿಲ್ಲ."

ನಾನಿನ್ನೂ ಬಾಯಿ ತೆರೆದಿರಲಿಲ್ಲ.